ಅರ್ಥದ ಬೆನ್ನಿಗೆ ಬರುವ ವ್ಯಾಕರಣ

ಹೊಳಲ್ಕೆರೆಯ ಕನ್ನಡ ಮಾಧ್ಯಮದ ಮಗುವೊಂದು 'ಐ ಹಿರಿಯೂರ್ ಗೋ' ಎಂದರೆ, ಅದು ಸುಮ್ಮನೆ ತೋಚಿದ ತಪ್ಪಲ್ಲ. 'ನಾನು ಹಿರಿಯೂರಿಗೆ ಹೋಗುತ್ತೇನೆ' ಎಂಬ ಕನ್ನಡದ ಪದಕ್ರಮವೇ ಅಲ್ಲಿ ಇಂಗ್ಲಿಷಿನ ವೇಷ ಹಾಕಿದೆ. ನಮ್ಮ ವಿಭಕ್ತಿ ಪದದ ಹಿಂದೆ ಬರುತ್ತದೆ; ಇಂಗ್ಲಿಷಿನ 'ಟು' ಮುಂದೆ. ನಿಯಮ ಬಾಯಿಪಾಠವಾದರೂ ಮಾತಿಗೆ ಒದಗುವುದಿಲ್ಲವೇಕೆ?

ಈ ಪ್ರಶ್ನೆಯನ್ನು ತರಗತಿಯಲ್ಲೇ ಪರೀಕ್ಷಿಸಿದ್ದು 1979ರಿಂದ 1984ರವರೆಗೆ ನಡೆದ 'ಬೆಂಗಳೂರು ಯೋಜನೆ'. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳು ವ್ಯಾಕರಣದ ಪಾಠವನ್ನು ಬದಿಗಿಟ್ಟು, ಮಕ್ಕಳ ಕೈಗೆ ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು ಇಂಗ್ಲಿಷಿನಲ್ಲೇ ಸಮಸ್ಯೆ ಬಿಡಿಸಲು ಹೇಳಿದವು. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ಅರಿವಿಲ್ಲದೆಯೇ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಪ್ರಭು ಅವರ ವಾದ.

1985ರಲ್ಲಿ ಬೆರೆಟಾ ಮತ್ತು ಡೇವಿಸ್ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಎರಡೂ ಗುಂಪಿನ ಮಕ್ಕಳು ತಾವು ಕಲಿತ ಬಗೆಯ ಪರೀಕ್ಷೆಯಲ್ಲಿ ಮುಂದಿದ್ದರು. ಎರಡಕ್ಕೂ ಸಮಾನವಾದ ಪರೀಕ್ಷೆಗಳಲ್ಲಿ ಒಲವು ಹೆಚ್ಚಾಗಿ ಯೋಜನೆಯ ಕಡೆಗಿತ್ತು. ವಾದ ಪೂರ್ತಿ ಸಾಬೀತಾಗಲಿಲ್ಲ. ಆದರೆ ನಾವು ಅಳೆಯುವುದೇ ನಮಗೆ ಕಾಣುತ್ತದೆ ಎಂಬುದು ಸ್ಪಷ್ಟವಾಯಿತು.

ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನ ಹೊತ್ತನ್ನು ಇಂಗ್ಲಿಷಿನಲ್ಲಿ ಕೇಳಿ ತಿಳಿಯುವುದೂ ಪಾಠವೇ. ತಪ್ಪಿಗೆ ಹೆದರಿ ಮಗು ಬಾಯಿ ಮುಚ್ಚಿದರೆ, ಒಳಗೆ ಕಟ್ಟುತ್ತಿರುವ ವ್ಯಾಕರಣವೂ ಅಲ್ಲಿಗೇ ನಿಲ್ಲುತ್ತದೆ.