ಅಡ್ಡಗಾಳಿ ಇಳಿಕೆ ಅವಘಡಗಳು (ಹಳೆಯ ಲಘು ವಿಮಾನಗಳು)

ಅಡ್ಡಗಾಳಿ ಇಳಿಕೆ ಅವಘಡ ಎಂದರೆ, ರನ್‌ವೇಗೆ ಅಡ್ಡಲಾಗಿ ಗಾಳಿ ಬೀಸುತ್ತಿರುವಾಗ ವಿಮಾನವು ನೆಲ ಮುಟ್ಟುವ ಹೊತ್ತಿನಲ್ಲಿ ಅಥವಾ ಇಳಿದು ಓಡುವಾಗ ಹತೋಟಿ ತಪ್ಪಿ ಉಂಟಾಗುವ ಅಪಘಾತ. ಬಾಲದಡಿಯಲ್ಲಿ ಚಿಕ್ಕ ಚಕ್ರ ಅಥವಾ ಜಾರುಪಟ್ಟಿಯುಳ್ಳ ಹಳೆಯ ಲಘು ವಿಮಾನಗಳು ಇದಕ್ಕೆ ಹೆಚ್ಚಾಗಿ ಈಡಾಗುತ್ತವೆ. ಬ್ರಿಟನ್ನಿನ ಟೈಗರ್ ಮಾತ್, ಅಮೆರಿಕದ ಪೈಪರ್ ಕಬ್, ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯು ತಯಾರಿಸಿದ ಎಚ್‌ಟಿ-2 ಮತ್ತು ಪುಷ್ಪಕ್ ಈ ಬಗೆಯ ವಿಮಾನಗಳು.

ಹಿನ್ನೆಲೆ

1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್‌ನ ಕಾಲದಲ್ಲಿ ಬಹುತೇಕ ವಿಮಾನ ಮೈದಾನಗಳು ವಿಶಾಲವಾದ ಹುಲ್ಲುಗಾವಲುಗಳಾಗಿದ್ದವು. ಚಾಲಕರು ಗಾಳಿಚೀಲವನ್ನು ನೋಡಿ, ಗಾಳಿಗೆ ಎದುರಾಗಿ ಯಾವ ದಿಕ್ಕಿನಲ್ಲಾದರೂ ಇಳಿಯಬಹುದಿತ್ತು. ಗಟ್ಟಿ ಹಾಸಿನ ಒಂದೇ ರನ್‌ವೇ ಇರುವ ನಿಲ್ದಾಣಗಳು ಬಂದ ಬಳಿಕ ಈ ಆಯ್ಕೆ ಇಲ್ಲವಾಯಿತು. ಹುಲ್ಲಿನ ಮೇಲೆ ಚಕ್ರಗಳು ಸ್ವಲ್ಪ ಜಾರಿ ಅಡ್ಡ ಒತ್ತಡವನ್ನು ತಗ್ಗಿಸುತ್ತಿದ್ದವು. ಡಾಂಬರಿನ ಮೇಲೆ ಅವು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ.

ಕಾರಣಗಳು

ಬಾಲಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರವು ಮುಖ್ಯ ಚಕ್ರಗಳ ಹಿಂದಿರುತ್ತದೆ. ವಿಮಾನವು ಓರೆಯಾಗಿ ನೆಲ ಮುಟ್ಟಿದರೆ ಮುಂದಿನ ಚಕ್ರಗಳು ಘರ್ಷಣೆಯಿಂದ ತಡೆಯಲ್ಪಡುತ್ತವೆ, ಹಿಂದಿನ ತೂಕವು ಮೊದಲಿನ ದಿಕ್ಕಿನಲ್ಲೇ ಸಾಗಲು ಯತ್ನಿಸುತ್ತದೆ. ಇದರಿಂದ ತಿರುವು ತಾನಾಗಿಯೇ ಬೆಳೆದು ಬಾಲವು ಸುತ್ತಿ ಬರುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ತಿರುವಿನ ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ಬಡಿಯುವುದು, ಚಕ್ರದ ಕಾಲು ಮುರಿಯುವುದು ಇದರ ಸಾಮಾನ್ಯ ಪರಿಣಾಮಗಳು.

ಮೂಗಿನಡಿ ಚಕ್ರವಿರುವ ಸೆಸ್ನಾ 172ರಂತಹ ವಿಮಾನಗಳಲ್ಲಿ ಗುರುತ್ವ ಕೇಂದ್ರವು ಮುಖ್ಯ ಚಕ್ರಗಳ ಮುಂದಿರುವುದರಿಂದ ಅದೇ ಬಲವು ವಿಮಾನವನ್ನು ನೇರಗೊಳಿಸುತ್ತದೆ.

ವೇಗ ತಗ್ಗಿದಂತೆ ಚುಕ್ಕಾಣಿಯ ಮೇಲೆ ಹರಿಯುವ ಗಾಳಿ ಕಡಿಮೆಯಾಗಿ ಅದರ ಹಿಡಿತ ಸಡಿಲುತ್ತದೆ. ಅಡ್ಡಗಾಳಿ ಮಾತ್ರ ಬಾಲವನ್ನು ತಳ್ಳುತ್ತಲೇ ಇರುತ್ತದೆ. ಹೀಗಾಗಿ ಇಳಿದಾಯಿತೆಂದು ಚಾಲಕನು ಗಮನ ಸಡಿಲಿಸುವ ಘಳಿಗೆಯೇ ಅಪಾಯಕಾರಿ.

ಅಡ್ಡಗಾಳಿಯ ಲೆಕ್ಕ

ಗಾಳಿಯ ವೇಗವನ್ನು, ಅದು ರನ್‌ವೇಯೊಡನೆ ಮಾಡುವ ಕೋನದ ಸೈನ್‌ನಿಂದ ಗುಣಿಸಿದರೆ ಅಡ್ಡಗಾಳಿಯ ಪ್ರಮಾಣ ದೊರೆಯುತ್ತದೆ. 16 ನಾಟ್ ಗಾಳಿಯು 30 ಡಿಗ್ರಿ ಕೋನದಲ್ಲಿದ್ದರೆ 8 ನಾಟ್, 60 ಡಿಗ್ರಿಯಲ್ಲಿದ್ದರೆ ಸುಮಾರು 14 ನಾಟ್, 90 ಡಿಗ್ರಿಯಲ್ಲಿದ್ದರೆ ಪೂರ್ಣ 16 ನಾಟ್ ಅಡ್ಡಗಾಳಿ ಉಂಟಾಗುತ್ತದೆ.

ಕರ್ನಾಟಕದಲ್ಲಿ

ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಮೊದಲು ಹಾರಿತು. 1958ರಲ್ಲಿ ಹಾರಿದ ಪುಷ್ಪಕ್, ರೆಕ್ಕೆ ಮೇಲಿರುವ, ಎರಡು ಆಸನಗಳ, 90 ಅಶ್ವಶಕ್ತಿಯ ಹಗುರ ವಿಮಾನ. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಬಳಕೆಗೆ ಬಂದವು. ತೂಕ ಕಡಿಮೆ, ಇಳಿಯುವ ವೇಗ ಕಡಿಮೆ ಎಂಬ ಗುಣಗಳು ಕಲಿಯುವವರಿಗೆ ಅನುಕೂಲವಾದರೂ, ಅವೇ ಗುಣಗಳಿಂದ ಇಂತಹ ವಿಮಾನವು ಗಾಳಿಯ ಹೊಡೆತಕ್ಕೆ ಬೇಗ ಓಲಾಡುತ್ತದೆ.

ಬೆಂಗಳೂರಿನ ಜಕ್ಕೂರು ಮತ್ತು ಹುಬ್ಬಳ್ಳಿಯ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮ ಅಥವಾ ನೈಋತ್ಯದಿಂದ ಬೀಸುವುದರಿಂದ ಈ ದಿಕ್ಕು ಅನುಕೂಲಕರ. ಆದರೆ ಬೇಸಿಗೆಯ ಗುಡುಗುಮಳೆಗೆ ಮುನ್ನ ಏಳುವ ಬಿರುಗಾಳಿ ಕೆಲವೇ ನಿಮಿಷಗಳಲ್ಲಿ ದಿಕ್ಕು ಬದಲಿಸಬಲ್ಲದು.

ತಡೆಯುವ ಕ್ರಮಗಳು

ಇಳಿಯುವಾಗ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಮೂತಿಯನ್ನು ಗಾಳಿಯತ್ತ ತಿರುಗಿಸಿ ಓರೆಯಾಗಿ ಹಾರಿ, ನೆಲ ಮುಟ್ಟುವ ಮುನ್ನ ಚುಕ್ಕಾಣಿಯಿಂದ ನೇರಗೊಳಿಸಲಾಗುತ್ತದೆ. ಎರಡನೆಯದರಲ್ಲಿ ಗಾಳಿ ಬೀಸುವ ಬದಿಯ ರೆಕ್ಕೆಯನ್ನು ತಗ್ಗಿಸಿ, ಎದುರು ಚುಕ್ಕಾಣಿ ಕೊಟ್ಟು, ಆ ಬದಿಯ ಚಕ್ರವನ್ನೇ ಮೊದಲು ನೆಲಕ್ಕೆ ತಾಗಿಸಲಾಗುತ್ತದೆ. ಇಳಿದ ಮೇಲೂ ಏಲಿರಾನ್ ನಿಯಂತ್ರಣವನ್ನು ಗಾಳಿಯ ಕಡೆಗೇ ಹಿಡಿದು, ವಿಮಾನವು ಪೂರ್ತಿ ನಿಲ್ಲುವವರೆಗೆ ಪೆಡಲುಗಳ ಮೇಲೆ ಕಾಲಿಟ್ಟಿರಬೇಕು. ಇಳಿಕೆಯ ಕೊನೆಯ ಹಂತದಲ್ಲಿ ಪೂರ್ಣ ಚುಕ್ಕಾಣಿ ಕೊಟ್ಟರೂ ವಿಮಾನ ರನ್‌ವೇಯ ನೇರಕ್ಕೆ ಬರದಿದ್ದರೆ, ಆ ಗಾಳಿ ವಿಮಾನದ ಸಾಮರ್ಥ್ಯವನ್ನು ಮೀರಿದೆ ಎಂದರ್ಥ. ಆಗ ಶಕ್ತಿ ಹೆಚ್ಚಿಸಿ ಮತ್ತೆ ಮೇಲೇರಿ, ಬೇರೆ ದಿಕ್ಕಿನ ರನ್‌ವೇಯನ್ನೋ ಬೇರೆ ನಿಲ್ದಾಣವನ್ನೋ ಆಯ್ದುಕೊಳ್ಳುವುದು ಸುರಕ್ಷಿತ.