ತೇಪೆಗೂ ಒಂದು ಕಟ್ಟಳೆ: ತೈಲ ಟ್ಯಾಂಕುಗಳ ದುರಸ್ತಿಯ ಚರಿತ್ರೆಯಿಂದ

ಬೆಸುಗೆ ಹಾಕಿದ ಉಕ್ಕಿನ ಟ್ಯಾಂಕನ್ನು ಹೊಸದಾಗಿ ಕಟ್ಟುವುದಕ್ಕೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ 650ನೆಯ ಮಾನದಂಡ ಬಂದದ್ದು 1961ರಲ್ಲಿ. ಹಳೆಯದನ್ನು ದುರಸ್ತಿ ಮಾಡುವುದಕ್ಕೆಂದೇ 653ನೆಯ ಮಾನದಂಡ ಬಂದದ್ದು 1991ರಲ್ಲಿ. ನಡುವಿನ ಮೂವತ್ತು ವರ್ಷಗಳ ತಡ ಆಕಸ್ಮಿಕವಲ್ಲ. ದುರಸ್ತಿಯೆಂದರೆ ಸೋರಿಕೆ ನಿಲ್ಲಿಸುವುದು ಎಂಬ ಹಳೆಯ ಎಣಿಕೆಯೇ ಅದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಆ ಎಣಿಕೆ ರಿವೆಟ್ ಕಾಲದ್ದು. ಕೀಲು ಜಿನುಗಿದರೆ ತಗಡಿನ ಅಂಚನ್ನು ಉಳಿಯಿಂದ ಬಡಿದು ಬಿಗಿಮಾಡುತ್ತಿದ್ದರು, ಕೆಲಸ ಮುಗಿಯಿತು. 1915ರಲ್ಲಿ ಬಾಸ್ಟನ್ನಿನಲ್ಲಿ ಕಟ್ಟಿದ ಐವತ್ತು ಅಡಿ ಎತ್ತರದ ಕಾಕಂಬಿ ಟ್ಯಾಂಕಿನಲ್ಲಿ ಅದೂ ನೆಟ್ಟಗೆ ನಡೆಯಲಿಲ್ಲ. ಪರೀಕ್ಷೆಗೆ ತುಂಬಿದ ನೀರು ಆರೇ ಇಂಚು. ಆಮೇಲೆ ಸೋರತೊಡಗಿದಾಗ ಕಾಕಂಬಿಯ ಕಂದು ಬಣ್ಣವನ್ನೇ ಹೊರಗೆ ಬಳಿದರು. 1919ರ ಜನವರಿ 15ರಂದು ಟ್ಯಾಂಕು ಒಡೆದು 21 ಜನ ಸತ್ತರು.

ಬೆಸುಗೆ ಬಂದ ಮೇಲೆ ಅಪಾಯದ ಬಗೆಯೇ ಬದಲಾಯಿತು. ರಿವೆಟ್ ಗೋಡೆಯಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುವ ಸಾಧ್ಯತೆಯಾದರೂ ಇತ್ತು. ಬೆಸೆದ ಗೋಡೆ ಬುಡದಿಂದ ತುದಿಯವರೆಗೆ ಒಂದೇ ಲೋಹ, ಬಿರುಕಿಗೆ ರಾಜಮಾರ್ಗ.

1988ರ ಜನವರಿ 2ರಂದು ಪೆನ್ಸಿಲ್ವೇನಿಯಾದ ಫ್ಲೋರೆಫ್‌ನಲ್ಲಿ ಆದದ್ದು ಇದೇ. ನಲವತ್ತಕ್ಕೂ ಹೆಚ್ಚು ವರ್ಷ ಹಳೆಯದಾದ, 120 ಅಡಿ ವ್ಯಾಸದ, 48 ಅಡಿ ಎತ್ತರದ ಟ್ಯಾಂಕನ್ನು ಕ್ಲೀವ್‌ಲ್ಯಾಂಡ್‌ನಲ್ಲಿ ಕತ್ತರಿಸಿ, ಇಲ್ಲಿಗೆ ತಂದು ಮತ್ತೆ ಬೆಸೆದಿದ್ದರು. ನೀರಿನ ಪರೀಕ್ಷೆ ಮಾಡಿದ್ದು ಐದು ಅಡಿಯವರೆಗೆ ಮಾತ್ರ. ಮೊದಲ ಸಲ ಡೀಸೆಲ್ ಕಂಠಮಟ್ಟ ತುಂಬುತ್ತಿದ್ದಾಗ ಗೋಡೆ ಮೇಲಿಂದ ಕೆಳಗೆ ಸೀಳಿತು. ಸುಮಾರು 39 ಲಕ್ಷ ಗ್ಯಾಲನ್ ಹೊರನುಗ್ಗಿತು. ಸುತ್ತಲ ಒಡ್ಡನ್ನು ದಾಟಿದ್ದು ಮೊನೊಂಗಹೀಲಾ ನದಿ ಸೇರಿ, ಕೆಳಗಿನ ಊರುಗಳ ಕುಡಿಯುವ ನೀರಿಗೆ ಕುತ್ತು ತಂದಿತು. ತನಿಖೆಯಲ್ಲಿ ಕಂಡದ್ದು ಬೆಸುಗೆಯ ಪಕ್ಕದ ತಗಡಿನಲ್ಲೇ ಇದ್ದ ಪುಟ್ಟ ಹಳೆಯ ಊನ. ಚಳಿಗೆ ಪೆಡಸಾಗುವ ಆ ಹಳೆಯ ಉಕ್ಕಿಗೆ ಅಷ್ಟೇ ಸಾಕಾಯಿತು. ಆ ಊನ ಎಂದೂ ಸೋರಿರಲಿಲ್ಲ. ಸೋರಿಕೆಯನ್ನೇ ಹುಡುಕುವ ಕಣ್ಣಿಗೆ ಅದು ಬೀಳುವುದಾದರೂ ಹೇಗೆ?

ಮೂರು ವರ್ಷಗಳ ನಂತರ ಬಂದ 653ನೆಯ ಮಾನದಂಡ ತೇಪೆಯನ್ನೂ ಅಳೆಯುತ್ತದೆ. ಗೋಡೆಯ ತಗಡು ಬದಲಿಸುವಾಗ ಹೊಸ ತುಂಡು ಕನಿಷ್ಠ 12 ಇಂಚು, ಇಲ್ಲವೇ ದಪ್ಪದ 12 ಪಟ್ಟು, ಯಾವುದು ಹೆಚ್ಚೋ ಅಷ್ಟಿರಬೇಕು. ಮೇಲೆ ಹೊದಿಸುವ ತೇಪೆಯ ಮೂಲೆಗಳನ್ನು ಎರಡು ಇಂಚಾದರೂ ದುಂಡಗೆ ತಿರುಗಿಸಬೇಕು. ಚೂಪು ಮೂಲೆಯಲ್ಲಿ ಸೆಳೆತವೆಲ್ಲ ಒಂದೆಡೆ ಕೂಡಿ ಬಿರುಕು ಹುಟ್ಟುತ್ತದೆ. ಹರಿದ ಬಟ್ಟೆಗೆ ತೇಪೆ ಹಾಕಿದವರಿಗೆ ಇದು ಹೊಸ ಮಾತಲ್ಲ. ಕಳಚಿ ಮರುಕಟ್ಟಿದ ಟ್ಯಾಂಕಿಗಂತೂ ಪೂರ್ತಿ ನೀರು ತುಂಬಿ 24 ಗಂಟೆ ನಿಲ್ಲಿಸಿ ನೋಡಬೇಕು.

ಫ್ಲೋರೆಫ್‌ನಲ್ಲಿ ಆ ನೀರು ಐದು ಅಡಿಗೆ ನಿಂತಿತ್ತು.