ಗಂಟಲ ಚೀಲದ ಶಸ್ತ್ರಚಿಕಿತ್ಸೆ: ಚೀಲದಿಂದ ಸ್ನಾಯುವಿನತ್ತ

ಗಂಟಲು ಅನ್ನನಾಳವನ್ನು ಕೂಡುವೆಡೆ, ಹಿಂಗೋಡೆಯ ಒಳಪದರ ಸ್ನಾಯುಗಳ ಸಂದಿನಿಂದ ಹೊರಕ್ಕೆ ಉಬ್ಬಿ ಚೀಲವಾಗುವುದುಂಟು. ವೈದ್ಯರು ಇದನ್ನು ‘ಜೆಂಕರ್ ಡೈವರ್ಟಿಕ್ಯುಲಮ್’ ಎನ್ನುತ್ತಾರೆ. 40 ವರ್ಷದೊಳಗಿನವರಲ್ಲಿ ಇದು ತೀರ ಅಪರೂಪ. 70 ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಹೆಚ್ಚು. ಕಣ್ಣಿಗೆ ಕಾಣುವ ಚೀಲವನ್ನೇ ರೋಗವೆಂದು ಬಗೆದು ಅದನ್ನು ಕತ್ತರಿಸಲು ಹೊರಟ ಶಸ್ತ್ರವೈದ್ಯರು, ರೋಗದ ಮೂಲ ಅದರ ಕೆಳಗಿನ ಸ್ನಾಯುವಿನಲ್ಲಿದೆಯೆಂದು ಕಂಡುಕೊಂಡದ್ದೇ ಈ ಚಿಕಿತ್ಸೆಯ ಚರಿತ್ರೆಯ ಮುಖ್ಯ ತಿರುವು ಎಂಬುದು ಈ ಲೇಖನದ ನಿಲುವು.

ಮೊದಲ ಸ್ಪಷ್ಟ ದಾಖಲೆ ಇಂಗ್ಲೆಂಡಿನದು. ಬ್ರಿಸ್ಟಲ್‌ನ ಶಸ್ತ್ರವೈದ್ಯ ಅಬ್ರಹಾಂ ಲಡ್ಲೋ 1764ರಲ್ಲಿ ಅಂಗರಚನಾ ತಜ್ಞ ವಿಲಿಯಂ ಹಂಟರ್‌ಗೆ ಬರೆದ ಪತ್ರದಲ್ಲಿ ಒಬ್ಬ ರೋಗಿಯ ಪಾಡನ್ನು ವಿವರಿಸಿದ. ಆತನ ಗಂಟಲಲ್ಲಿ ಚೆರ್ರಿ ಹಣ್ಣಿನ ಬೀಜ ಸಿಕ್ಕಿಕೊಂಡು, ಕೆಮ್ಮಿದಾಗ ಹೊರಬಂದಿತ್ತು. ಆಮೇಲೆ ನುಂಗಿದ್ದು ಇಳಿಯದೆ ಮರಳಿ ಬಾಯಿಗೆ ಬರತೊಡಗಿತು. ಆತ ಸತ್ತ ಬಳಿಕ ದೇಹವನ್ನು ಕೊಯ್ದು ನೋಡಿದಾಗ ಅನ್ನನಾಳದ ಹಿಂದೆ ದೊಡ್ಡ ಚೀಲವೊಂದು ಕಂಡಿತು. ಗ್ಲಾಸ್ಗೋದಲ್ಲಿರುವ ಹಂಟರನ ಸಂಗ್ರಹದಲ್ಲಿ ಅದನ್ನು ಕಾಪಿಡಲಾಗಿದೆ.

ಜರ್ಮನಿಯ ರೋಗಶಾಸ್ತ್ರಜ್ಞ ಫ್ರೀಡ್ರಿಶ್ ಆಲ್ಬರ್ಟ್ ಫಾನ್ ಜೆಂಕರ್ 1877ರಲ್ಲಿ, ಫಾನ್ ಜೀಮ್ಸೆನ್ ಜೊತೆಗೂಡಿ, ಇಂಥ ಪ್ರಕರಣಗಳನ್ನು ಒಟ್ಟುಮಾಡಿ ಪರಿಶೀಲಿಸಿದ. ಒಳಗಿನ ಒತ್ತಡವೇ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆಂದು ವಾದಿಸಿದ. ರೋಗಕ್ಕೆ ಅವನ ಹೆಸರೇ ನಿಂತಿತು. ಗೋಡೆ ಬಿಟ್ಟುಕೊಡುವ ಜಾಗವನ್ನು ಗುಸ್ತಾಫ್ ಕಿಲಿಯನ್ 1908ರ ಸುಮಾರಿಗೆ ಗುರುತಿಸಿದ: ಗಂಟಲಿನ ಓರೆ ಎಳೆಗಳಿಗೂ ಅಡ್ಡಲಾಗಿ ಹಾಯುವ ಕ್ರಿಕೋಫ್ಯಾರಿಂಜಿಯಸ್ ಸ್ನಾಯುವಿಗೂ ನಡುವಿನ ತ್ರಿಕೋನ.

ಶಸ್ತ್ರವೈದ್ಯರ ಕಣ್ಣು ಮಾತ್ರ ಚೀಲದ ಮೇಲೇ ಇತ್ತು. 19ನೇ ಶತಮಾನದ ಕೊನೆಯಲ್ಲಿ ಕತ್ತನ್ನು ಕೊಯ್ದು ಚೀಲ ತೆಗೆಯುವ ಯತ್ನಗಳು ನಡೆದವು. ಹೊಲಿಗೆ ಬಿಚ್ಚಿ ಸೋಂಕು ಎದೆಗೂಡಿಗೆ ಇಳಿದರೆ, ಪ್ರತಿಜೈವಿಕಗಳಿಲ್ಲದ ಆ ಕಾಲದಲ್ಲಿ ರೋಗಿ ಬದುಕುವುದು ಕಷ್ಟವಿತ್ತು. ಅದಕ್ಕಾಗಿ ಶಸ್ತ್ರವೈದ್ಯ ಗೋಲ್ಡ್‌ಮನ್ 1909ರಲ್ಲಿ ಎರಡು ಹಂತದ ವಿಧಾನ ತಂದ: ಮೊದಲು ಚೀಲವನ್ನು ಬಿಡಿಸಿ ಹೊರತರುವುದು, ಸುತ್ತಲಿನ ಅಂಗಾಂಶ ಕೂಡಿಕೊಂಡ ಮೇಲೆ ಕತ್ತರಿಸುವುದು.

ಅಮೆರಿಕದ ಹ್ಯಾರಿಸ್ ಮೋಷರ್ 1917ರಲ್ಲಿ ಬಾಯಿಯ ಮೂಲಕವೇ ಉಪಕರಣ ಇಳಿಸಿ, ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯನ್ನು ಕತ್ತರಿಸಿದ. ಆ ಗೋಡೆಯ ತಿರುಳೇ ಕ್ರಿಕೋಫ್ಯಾರಿಂಜಿಯಸ್. ಎದೆಗೂಡಿನ ಸೋಂಕಿನಿಂದ ರೋಗಿಯೊಬ್ಬ ಸತ್ತದ್ದರಿಂದ ಅವನು ವಿಧಾನವನ್ನೇ ಕೈಬಿಟ್ಟ. ಸ್ವೀಡನ್ನಿನ ಗೋಸ್ಟಾ ಡೋಲ್‌ಮನ್ ವಿದ್ಯುತ್ ಶಾಖದಿಂದ ಗೋಡೆ ಸೀಳಿ ಅದಕ್ಕೆ ಮರುಜೀವ ಕೊಟ್ಟು, 1960ರಲ್ಲಿ ನೂರು ರೋಗಿಗಳ ಅನುಭವವನ್ನು ಪ್ರಕಟಿಸಿದ. 1993ರಲ್ಲಿ ಬಂದ ಸ್ಟೇಪ್ಲರ್ ವಿಧಾನ ಗೋಡೆಯನ್ನು ಕತ್ತರಿಸುತ್ತಲೇ ಅಂಚುಗಳನ್ನು ಮುಚ್ಚತೊಡಗಿತು. ಈ ನಡುವೆ 1992ರಲ್ಲಿ ಇಯಾನ್ ಕುಕ್ ಮತ್ತು ಸಂಗಡಿಗರು ಎಕ್ಸ್‌ರೇ ಚಿತ್ರೀಕರಣ ಹಾಗೂ ಒತ್ತಡದ ಅಳತೆಯನ್ನು ಒಟ್ಟಿಗೆ ನಡೆಸಿ, ಈ ರೋಗಿಗಳಲ್ಲಿ ಕ್ರಿಕೋಫ್ಯಾರಿಂಜಿಯಸ್ ಕಾಯುವ ಅನ್ನನಾಳದ ಬಾಯಿ ಪೂರ್ತಿ ತೆರೆಯದೆ ಗುಟುಕಿನ ಒತ್ತಡ ಏರುವುದನ್ನು ತೋರಿಸಿದರು. ಸ್ನಾಯು ಕತ್ತರಿಸುವುದೇ ಚಿಕಿತ್ಸೆಯ ತಿರುಳೆಂಬುದಕ್ಕೆ ಇದು ಗಟ್ಟಿ ಆಧಾರವಾಯಿತು.

ಇಂದು ಬಾಗುವ ಎಂಡೋಸ್ಕೋಪ್‌ನಿಂದಲೂ ಈ ಚಿಕಿತ್ಸೆ ಸಾಧ್ಯ. ಕತ್ತಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಯ ನರಕ್ಕೆ ಪೆಟ್ಟಾಗುವ ಅಪಾಯ ಹೆಚ್ಚು. ಬಾಯಿಯ ಮೂಲಕ ಮಾಡಿದರೆ ಚೇತರಿಕೆ ಬೇಗ, ಆದರೆ ರೋಗ ಮರುಕಳಿಸುವುದು ಹೆಚ್ಚು. ಲಕ್ಷಣವಿಲ್ಲದ ಸಣ್ಣ ಚೀಲವನ್ನು ಹಾಗೇ ಬಿಡಬಹುದು.

ಚಿಕಿತ್ಸೆ ಇಷ್ಟು ಮುಂದುವರಿದರೂ ರೋಗ ಬೇಗ ಪತ್ತೆಯಾಗುವುದಿಲ್ಲ. ಬೆಳಿಗ್ಗೆ ಉಂಡ ಅನ್ನದ ಅಗುಳು ಸಂಜೆ ಬಾಯಿಗೆ ಬರುವುದು, ನುಂಗುವಾಗ ಕತ್ತಿನಲ್ಲಿ ಗುಳುಗುಳು ಸದ್ದು, ಬಾಯಿಯ ದುರ್ವಾಸನೆ, ಮಲಗಿದಾಗ ಕೆಮ್ಮು, ತೂಕ ಇಳಿತ, ಮತ್ತೆಮತ್ತೆ ನ್ಯುಮೋನಿಯಾ: ಇವನ್ನು ಮನೆಯವರು ಮುಪ್ಪಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಚೀಲ ಸ್ಪಷ್ಟವಾಗಿ ಕಾಣುತ್ತದೆ. ಎಂಡೋಸ್ಕೋಪಿ ಮಾಡುವ ವೈದ್ಯರಿಗೆ ಈ ಲಕ್ಷಣಗಳನ್ನು ಮೊದಲೇ ತಿಳಿಸಬೇಕು. ಉಪಕರಣ ಚೀಲದೊಳಕ್ಕೆ ಹೊಕ್ಕರೆ ಅದು ತೂತಾಗಬಹುದು. ಹಿರಿಯರು ನುಂಗಲು ಕಷ್ಟವೆಂದರೆ ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಿ.